ಅಮ್ಮನನ್ನು ಕುಲುಕದೆ ತರಬೇಕಿತ್ತು

ಅಮ್ಮನ ಬಲಗಣ್ಣಿನ ಹೂ, ಅಂದರೆ ಪೊರೆ, ತೆಗೆದ ಡಾಕ್ಟರು ನನ್ನನ್ನು ಜಗಲಿಗೆ ಕರೆದು ಹೇಳಿದ ಮಾತು ಇವತ್ತಿಗೂ ನನಗೆ ಬಾಯಿಪಾಠ. "ಹೊಲಿಗೆ ಇನ್ನೂ ಹಸಿಯಾಗಿದೆ. ಕೆಮ್ಮಬಾರದು, ಬಗ್ಗಬಾರದು, ವಾಂತಿ ಮಾಡಬಾರದು. ತಲೆಗೆ ಜೋರಾಗಿ ಒಂದು ಕುಲುಕು ಬಿದ್ದರೆ ಕಣ್ಣಿನ ಒಳಗೆ ರಕ್ತ ಇಳಿಯುತ್ತದೆ. ಇಳಿದರೆ ನಾನು ಮಾಡಿದ್ದೆಲ್ಲ ನೀರಿನಲ್ಲಿ ಹೋಮ." ಎಡಗಣ್ಣು ಅವಳಿಗೆ ಸಣ್ಣ ಪ್ರಾಯದಲ್ಲೇ ಸಿಡುಬಿಗೆ ಹೋಗಿತ್ತು. ಉಳಿದದ್ದು ಇದೊಂದೇ. ಇದಕ್ಕೂ ಹೂ ಬಂದು ಎರಡು ಮಳೆಗಾಲದಿಂದ ಅವಳು ಗೋಡೆ ತಡಕಿಕೊಂಡು ಓಡಾಡುತ್ತಿದ್ದಳು.

ಆಸ್ಪತ್ರೆ ಇದ್ದದ್ದು ಮೂಡಬಿದ್ರೆಯಲ್ಲಿ, ನಮ್ಮ ಮನೆ ಮುಂಡಾಜೆಯಲ್ಲಿ. ನಡುವೆ ವೇಣೂರು, ಬೆಳ್ತಂಗಡಿ ದಾಟಿ ಬರಬೇಕು. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಆ ರಸ್ತೆಯಲ್ಲಿ ಡಾಮರಿಗಿಂತ ಜಲ್ಲಿಯೇ ಹೆಚ್ಚು. ಬಾಡಿಗೆ ಕಾರು ಮಾಡಿದರೆ ಆಯಿತಲ್ಲ ಎಂದು ನೀವು ಕೇಳಬಹುದು. ಅಮ್ಮನಿಗೆ ಕಾರಿನ ಬಾಗಿಲು ಹಾಕಿದ ಶಬ್ದಕ್ಕೇ ಹೊಟ್ಟೆ ತೊಳಸುತ್ತಿತ್ತು. ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುವಾಗ ಕರುಳು ಬಾಯಿಗೆ ಬರುವ ಹಾಗೆ ವಾಂತಿ ಮಾಡಿದ್ದಳು. ಎತ್ತಿನ ಗಾಡಿಯಲ್ಲಿ ಕೂತವರಿಗೆ ಅದರ ಕುಲುಕು ಹೇಳಿಕೊಡಬೇಕಾಗಿಲ್ಲ. ಗಾಳಿಗೆ ಮುಖ ಕೊಟ್ಟು ಕೂತರೆ ಮಾತ್ರ ಅವಳಿಗೆ ಏನೂ ಆಗುತ್ತಿರಲಿಲ್ಲ, ಅಂದರೆ ನನ್ನ ಮೋಟಾರ್ ಸೈಕಲ್ಲಿನಲ್ಲಿ. ನೆಂಟರ ಮನೆಯ ಊಟಕ್ಕೆಲ್ಲ ಅವಳು ಅದರ ಹಿಂದೆ ಒಂದೇ ಬದಿಗೆ ಕಾಲು ಹಾಕಿ ರಾಣಿಯ ಹಾಗೆ ಕೂತು ಬಂದವಳು.

ಡಾಕ್ಟರು ಹೊರಗೆ ಬಂದು ಗಾಡಿಯ ಹಿಂದಿನ ಸೀಟನ್ನು ಎರಡು ಕೈಯಲ್ಲಿ ಒತ್ತಿ ನೋಡಿದರು. ಅದು ಕಟಕ್ ಎಂದು ತಳಕ್ಕೆ ಬಡಿಯಿತು. ಬಡಿಯದೆ ಇರುತ್ತದೆಯೇ? ನಾನು ಬೀಡಿ ಕಟ್ಟಿಸುವ ಬ್ರಾಂಚುಗಳಿಗೆ ಎಲೆ, ಹೊಗೆಸೊಪ್ಪು ಹೊತ್ತು ತಿರುಗುವವನು. ಮೂಟೆಯ ಮೇಲೆ ಮೂಟೆ ಹೇರಿ ಹೇರಿ ಹಿಂದಿನ ಎರಡು ಶಾಕ್ ಅಬ್ಸಾರ್ಬರುಗಳು, ನಮ್ಮ ಬಾಯಲ್ಲಿ ಶಾಕುಗಳು, ಯಾವತ್ತೋ ಸತ್ತಿದ್ದವು. "ಇದರಲ್ಲಿ ಮನುಷ್ಯರನ್ನು ಕೂರಿಸಲು ನಾನು ಒಪ್ಪುವುದಿಲ್ಲ" ಎಂದರು ಡಾಕ್ಟರು. "ಇನ್ನೊಂದು ವಾರ ಅವರು ಇಲ್ಲೇ ಮಲಗಿರಲಿ. ಅಷ್ಟರೊಳಗೆ ಗಾಡಿ ಸರಿ ಮಾಡಿಸಿ ತನ್ನಿ. ಮತ್ತೆ ಒಂದು ಮಾತು, ಬಿಸಿಲು ಏರುವ ಮೊದಲೇ ಮನೆ ಸೇರಬೇಕು. ಪ್ರಖರವಾದ ಬೆಳಕು ಆ ಕಣ್ಣಿಗೆ ಆಗುವುದಿಲ್ಲ."

ಮನೆಗೆ ಬಂದು ಮಾವನಿಗೆ ಹೇಳಿದೆ. ಮಾವ ಎಂದರೆ ಅಮ್ಮನ ಅಣ್ಣ. ತಾಯಿಯ ಕಡೆಯಿಂದ ಮನೆತನ ನಡೆಯುವ ಅಳಿಯಕಟ್ಟಿನ ಮನೆ ನಮ್ಮದು, ಅವರೇ ಯಜಮಾನರು. ಗದ್ದೆಗೆ ನೀರು ಬಿಡುವುದರಿಂದ ಹಿಡಿದು ಯಾರಿಗೆ ಯಾವಾಗ ಔಷಧ ಎನ್ನುವವರೆಗೆ ಅವರ ಮಾತೇ ಕೊನೆ. ನಾನು ಗಾಡಿ ತೆಗೆದುಕೊಂಡಾಗ ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎಂದು ಊರಿಡೀ ಕೇಳುವ ಹಾಗೆ ಹೇಳಿದವರು. ಆಪರೇಷನ್ ಬೇಡವೆಂದು ತಿಂಗಳುಗಟ್ಟಲೆ ಹಟ ಹಿಡಿದವರೂ ಅವರೇ. ಕಣ್ಣಿಗೆ ಕತ್ತಿ ಹಾಕುವುದುಂಟಾ ಎಂದು ಕೂಗಾಡಿದ್ದರು. ನಮ್ಮ ಮನೆಯಲ್ಲಿ ಎಲ್ಲರದ್ದೂ ತುಳು. ಬರೆಯುವಾಗ ಕನ್ನಡ ಮಾಡಿದ್ದೇನೆ, ಆದರೆ ಮಾವನ ದನಿ ಕನ್ನಡದಲ್ಲಿ ಅಷ್ಟು ಜೋರಾಗಿ ಕೇಳುವುದಿಲ್ಲ.

"ಅವಳನ್ನು ಆ ಡಬ್ಬದಲ್ಲಿ ಹೇರಿಕೊಂಡು ಬರ್ತೀಯಾ?" ಎಂದರು.

"ಶಾಕು ಬದಲು ಮಾಡ್ತೇನೆ ಮಾವ."

"ಎಂತದಾದರೂ ಮಾಡು. ಅವಳ ಕಣ್ಣಿಗೆ ಏನಾದರೂ ಆದ್ರೆ ನೀನು ಈ ಮನೆಯ ಮೆಟ್ಟಿಲು ಹತ್ತಬೇಡ."

ನನ್ನ ಕೋಪವೂ ಮೂಗಿನ ತುದಿಯಲ್ಲೇ ಇರುವುದು. ನಾಲಗೆಗೆ ಬಂದದ್ದನ್ನು ನುಂಗಿಕೊಂಡು ಮರುದಿನ ಬೆಳಿಗ್ಗೆಯೇ ಬಂಟ್ವಾಳಕ್ಕೆ ಹೊರಟೆ.

ಬಂಟ್ವಾಳದ ಪೇಟೆಯಲ್ಲಿ ಮುಸಲ್ಮಾನ ವ್ಯಾಪಾರಿ, ಬ್ಯಾರಿಗಳೊಬ್ಬರ ಅಂಗಡಿ ಇತ್ತು. ಲಾರಿಯ ಸಾಮಾನಿನ ನಡುವೆ ಮೋಟಾರ್ ಸೈಕಲ್ಲಿನದ್ದೂ ಸಿಗುತ್ತಿತ್ತು. ಬಾಯಿತುಂಬ ಎಲೆಯಡಿಕೆ, ಮಾತು ಮಾತ್ರ ನಿಲ್ಲುವುದಿಲ್ಲ. ಎರಡು ಜೋಡಿ ಶಾಕು ತಂದು ಮೇಜಿನ ಮೇಲಿಟ್ಟರು. ಒಂದು ಹೊಸತು, ಕಾಗದ ಸುತ್ತಿದ್ದು ಸುತ್ತಿದ ಹಾಗೇ ಇತ್ತು, ಸ್ಪ್ರಿಂಗು ಹೆಬ್ಬೆರಳಿನಷ್ಟು ದಪ್ಪ. ಇನ್ನೊಂದು ಯಾವುದೋ ಎಸ್ಟೇಟಿನ ಮ್ಯಾನೇಜರನ ಗಾಡಿಯಿಂದ ಬಿಚ್ಚಿದ್ದು, ಬಣ್ಣ ಹೋಗಿತ್ತು, ಸ್ಪ್ರಿಂಗು ಸಪೂರ.

"ಹೊಸತು ಹಾಕಿ ಮಾರಾಯ್ರೆ. ಎರಡು ಕ್ವಿಂಟಾಲು ಹೇರಿದ್ರೂ ಬಗ್ಗುವುದಿಲ್ಲ" ಎಂದರು.

"ಬಗ್ಗದ್ದು ನನಗೆ ಬೇಡ. ಬಗ್ಗುವಂಥದ್ದು ಬೇಕು."

"ಹಿಂದೆ ಯಾರು ಕೂತ್ಕೊಳ್ಳುವುದು?"

"ಅಮ್ಮ. ಕಣ್ಣಿನ ಆಪರೇಷನ್ ಆಗಿದೆ."

ಅವರ ಜಗಿಯುವುದು ನಿಂತಿತು. ಹೊಸ ಶಾಕನ್ನು ನೆಲಕ್ಕೆ ಊರಿ ಅದರ ಮೇಲೆ ತಮ್ಮ ಇಡೀ ಭಾರ ಬಿಟ್ಟರು. ಅದು ಅಲುಗಲಿಲ್ಲ. ಹಳೆಯದರ ಮೇಲೆ ಬಿಟ್ಟಾಗ ಕೆಳಗೆ ಇಳಿಯಿತು, ಆದರೆ ಕೈ ತೆಗೆದ ಕೂಡಲೇ ಟಪ್ಪೆಂದು ಹಾರಿ ಮೇಲೆ ಬಂತು. "ನೋಡಿ, ಇದರಲ್ಲಿ ಸ್ಪ್ರಿಂಗು ಮಾತ್ರ ಉಂಟು, ಒಳಗೆ ಎಣ್ಣೆ ಇಲ್ಲ. ಸೋರಿ ಹೋಗಿದೆ. ಎಣ್ಣೆ ಇದ್ರೆ ಮೆಲ್ಲ ಇಳಿದು ಮೆಲ್ಲ ಏರುತ್ತದೆ. ಇಲ್ಲದಿದ್ರೆ ನಿಮ್ಮಮ್ಮನನ್ನು ಎತ್ತಿ ಬಿಸಾಡುತ್ತದೆ."

"ಎಣ್ಣೆ ತುಂಬಿಸಿದರೆ?"

"ಆಗ ತೊಟ್ಟಿಲು. ಆದ್ರೂ ಹೊಸತು ಬಿಟ್ಟು ಹಳತು ಕೇಳ್ತೀರಲ್ಲ, ನಿಮ್ಮಂಥ ಗಿರಾಕಿ ನಾನು ಕಂಡಿಲ್ಲ."

ನಾನು ಹಳೆಯದನ್ನೇ ಆರಿಸಿದೆ. ಬೀಡಿಯ ಮೂಟೆಗೆ ಹೊಸತೇ ಸರಿ, ಅದು ನನಗೂ ಗೊತ್ತಿತ್ತು. ಅಮ್ಮ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ ಅಕ್ಕಿಯಷ್ಟು, ಸುಮಾರು ನಲವತ್ತು ಕಿಲೋ, ಭಾರವಿದ್ದರೆ ಹೆಚ್ಚು, ಅವಳ ಭಾರಕ್ಕೆ ಆ ದಪ್ಪ ಸ್ಪ್ರಿಂಗು ನಗುತ್ತಿತ್ತಷ್ಟೆ. ಅವರು ಎಣ್ಣೆ ಸೋರದಂತೆ ತಡೆಯುವ ಹೊಸ ಸೀಲು ಕೊಟ್ಟರು, ಬಿಚ್ಚುವ ಕ್ರಮ ತೋರಿಸಿದರು, ಶಾಕಿಗೆಂದೇ ಇರುವ ತೆಳ್ಳಗಿನ ಎಣ್ಣೆಯನ್ನು ಒಂದು ಸೋಡಾ ಬಾಟ್ಲಿಯಲ್ಲಿ ತುಂಬಿಸಿ ಕಾಗದದ ಬೂಚು ಹಾಕಿ ಕೊಟ್ಟರು.

ಆ ಬಾಟ್ಲಿ ಮನೆ ಮುಟ್ಟಲಿಲ್ಲ. ದಾರಿಯಲ್ಲಿ ಒಂದು ಹೊಂಡಕ್ಕೆ ಗಾಡಿ ಬಿದ್ದು ಸತ್ತ ಶಾಕುಗಳು ತಳ ಬಡಿದವು, ಹಿಂದೆ ಕಟ್ಟಿದ್ದ ಚೀಲದಲ್ಲಿ ಬಾಟ್ಲಿ ಶಾಕಿನ ಕಬ್ಬಿಣಕ್ಕೇ ತಾಗಿ ಒಡೆಯಿತು. ಬೆಳ್ತಂಗಡಿಯಲ್ಲಿ ಇಳಿದು ನೋಡಿದರೆ ಚೀಲ, ನನ್ನ ಅಂಗಿಯ ಬೆನ್ನು ಎಲ್ಲ ಎಣ್ಣೆ. ರಸ್ತೆಯ ಬದಿಯಲ್ಲಿ ನಿಂತು ನಾನು ಆ ರಸ್ತೆ ಮಾಡಿದವನ ಏಳು ತಲೆಮಾರಿಗೂ ಬೈದೆ.

ಮನೆಯಂಗಳದಲ್ಲಿ ದೊಡ್ಡ ಸ್ಟ್ಯಾಂಡು ಹಾಕಿ ಕೆಲಸಕ್ಕೆ ಕೂತೆ. ಕೆಳಗಿನ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಸೀಮೆಎಣ್ಣೆ ಬಿಟ್ಟು ಕಾಯಬೇಕಾಯಿತು. ಒಂದು ಬದಿಯದ್ದನ್ನು ಬಿಚ್ಚಿ ಅದರ ಜಾಗಕ್ಕೆ ಬದಲಿ ಕೂರಿಸದೆ ಇನ್ನೊಂದಕ್ಕೆ ಕೈ ಹಾಕಬಾರದು, ಎರಡನ್ನೂ ತೆಗೆದರೆ ಹಿಂದಿನ ಚಕ್ರ ಜೋತುಬೀಳುತ್ತದೆ. ಬೋಲ್ಟು ಕೂರುವ ಕಣ್ಣಿನಲ್ಲಿದ್ದ ರಬ್ಬರು ಬುಶ್ಶುಗಳು ಕಲ್ಲಾಗಿದ್ದವು. ಅವನ್ನು ತರಲು ನಾನು ಪುನಃ ಬೆಳ್ತಂಗಡಿಗೆ ಬಸ್ಸಿನಲ್ಲಿ ಹೋದೆ. ಎಣ್ಣೆಗೆ ನಾಳೆ ಬಂಟ್ವಾಳಕ್ಕೇ ಹೋಗಬೇಕು ಎಂದು ಲೆಕ್ಕ ಹಾಕಿಕೊಂಡಿದ್ದೆ.

ತಿರುಗಿ ಬಂದಾಗ ಮಾವ ಅಂಗಳದಲ್ಲಿ ಮಣೆ ಹಾಕಿ ಕೂತಿದ್ದರು. ಸ್ಪ್ರಿಂಗು ಒತ್ತಿ ಹಿಡಿಯಲು ಕೆಲಸದವರನ್ನು ಕರೆದು, ನಾನು ತಂದ ಎರಡೂ ಶಾಕುಗಳನ್ನು ಬಿಚ್ಚಿ, ಸೀಲು ಹಾಕಿ, ಮತ್ತೆ ಜೋಡಿಸಿ ಆಗಿತ್ತು. ನಾನು ಹೊರಡುವ ಮೊದಲು ಬಿಚ್ಚುವ ಕ್ರಮವನ್ನು ಗೊಣಗಿಕೊಂಡದ್ದನ್ನು ಕೇಳಿಸಿಕೊಂಡಿರಬೇಕು. ಬೆರಳಿನಿಂದ ಒಂದೊಂದೇ ಭಾಗ ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಒಳಗೆ ಎಂತ ಹಾಕಿದ್ರಿ ಮಾವ?"

"ಎಣ್ಣೆ."

"ಯಾವ ಎಣ್ಣೆ?"

"ಮನೆಯಲ್ಲಿ ಎಷ್ಟು ನಮೂನೆ ಎಣ್ಣೆ ಉಂಟು? ಗಾಣದಿಂದ ನಿನ್ನೆ ಬಂದ ತೆಂಗಿನೆಣ್ಣೆ, ಬಟ್ಟೆಯಲ್ಲಿ ಸೋಸಿ ಹಾಕಿದ್ದೇನೆ."

ನನ್ನ ಮೈ ಉರಿಯಿತು. ಆದರೆ ನಾನು ಕೂಡ ಅದೇ ಎಣ್ಣೆಯಲ್ಲಿ ಬೆಳೆದವನು. ತಲೆಗೆ ಅದು, ಒಗ್ಗರಣೆಗೆ ಅದು, ದೇವರ ದೀಪಕ್ಕೆ, ಬೀಗಕ್ಕೆ, ಹೊಲಿಗೆ ಮೆಶೀನಿಗೆ, ಹೆರಿಗೆಯಾದವಳ ಸೊಂಟಕ್ಕೆ ಎಲ್ಲಕ್ಕೂ ಅದೇ. ಶಾಕು ಕೈಯಲ್ಲಿ ಹಿಡಿದು ಒತ್ತಿದೆ. ಮೆಲ್ಲ ಇಳಿಯಿತು, ಮೆಲ್ಲ ಏರಿತು. ಬ್ಯಾರಿಗಳು ಹೇಳಿದ್ದೂ ಹೀಗೆಯೇ ಅಲ್ಲವೇ ಎಂದುಕೊಂಡು ಗಾಡಿಗೆ ಹಾಕಿದೆ.

ಮರುದಿನ ಮಧ್ಯಾಹ್ನದ ಮೇಲೆ ಹಿಂದಿನ ಸೀಟಿಗೆ ಒಂದು ಅಕ್ಕಿಮುಡಿ ಬಿಗಿದು, ಅದರ ಮೇಲೆ ಚೊಂಬು ತುಂಬ ನೀರು ಕಟ್ಟಿ ಚಾರ್ಮಾಡಿಯ ಕಡೆಗೆ ಒಂದು ಸುತ್ತು ಹೋಗಿ ಬಂದೆ. ತಿರುಗಿ ಬಂದಾಗ ಮುಡಿಯ ಹುಲ್ಲು ಸ್ವಲ್ಪ ಒದ್ದೆಯಾಗಿತ್ತು, ಅಷ್ಟೆ. ಮಾವ ಚೊಂಬಿನೊಳಗೆ ಬೆರಳು ಅದ್ದಿ ನೋಡಿ "ಹೂಂ" ಎಂದರು. ಅವರ ಬಾಯಿಂದ ಅಷ್ಟು ಬಂದರೆ ಅದು ಸನ್ಮಾನ. ಅವತ್ತು ನಾನು ಅವರ ಮೇಲಿನ ಸಿಟ್ಟನ್ನೆಲ್ಲ ಮರೆತು ಎರಡು ತುತ್ತು ಹೆಚ್ಚೇ ಉಂಡೆ.

ಕರೆತರುವ ಹಿಂದಿನ ಸಂಜೆ ಮೂಡಬಿದ್ರೆಗೆ ಹತ್ತಿರದ ಪುತ್ತಿಗೆಯಲ್ಲಿ ನೆಂಟರ ಮನೆಯಲ್ಲಿ ಉಳಿದೆ. ಗಾಡಿ ಅಂಗಳದಲ್ಲಿತ್ತು. ಡಿಸೆಂಬರಿನ ಚಳಿ, ನಸುಕಿನಲ್ಲಿ ಎದ್ದಾಗ ಸೀಟಿನ ಮೇಲೆ ನೀರು ಹೊಯ್ದ ಹಾಗೆ ಇಬ್ಬನಿ. ಮೂಡಬಿದ್ರೆಯವರೆಗೆ ಬರುವಾಗ ಗಾಡಿ ಯಾಕೋ ಒರಟಾಗಿದೆ ಅನಿಸಿತು. ನನ್ನ ಹೆದರಿಕೆಗೆ ಹಾಗೆ ಕಾಣುತ್ತಿದೆ ಎಂದುಕೊಂಡೆ. ಆಸ್ಪತ್ರೆಯ ಬಾಗಿಲಲ್ಲಿ ಅಮ್ಮನನ್ನು ಇಬ್ಬರು ಹಿಡಿದು ಕೂರಿಸಿದರು. ಕಣ್ಣಿಗೆ ಬಿಳಿ ಕಟ್ಟು, ಅದರ ಮೇಲೆ ಬೈರಾಸು, ಮೈ ಒರೆಸುವ ವಸ್ತ್ರ, ಸುತ್ತಿತ್ತು. ಅವಳು ಕೂತಾಗ ಸೀಟು ಒಂದಿಷ್ಟು ಕೆಳಗೆ ಇಳಿಯಬೇಕಿತ್ತು, ಇಳಿಯಲಿಲ್ಲ. ಆಸ್ಪತ್ರೆಯ ಗಂಜಿಗೆ ಅಮ್ಮ ಸೊರಗಿದ್ದಾಳೆ ಎಂದುಕೊಂಡೆ.

"ಗಟ್ಟಿ ಹಿಡ್ಕೋ ಅಮ್ಮ. ಹೋಗುವ."

"ನಿನಗೇ ಹೆದರಿಕೆ. ನೀನು ನಡಿ."

ಪೇಟೆ ದಾಟುವವರೆಗೆ ರಸ್ತೆ ಚೆನ್ನಾಗಿತ್ತು. ಆಮೇಲೆ ಒಂದು ಮೋರಿ ಬಂತು. ಮೋರಿಯ ಅಂಚು ರಸ್ತೆಗಿಂತ ನಾಲ್ಕು ಬೆರಳು ಮೇಲಿತ್ತು. ನಾನು ನಡೆಯುವವನಿಗಿಂತ ನಿಧಾನ ಹೋಗುತ್ತಿದ್ದೆ, ಆದರೂ ಹಿಂದಿನ ಚಕ್ರ ಅದಕ್ಕೆ ತಾಗಿದಾಗ ಪೆಟ್ಟು ನೇರ ನನ್ನ ಬೆನ್ನುಮೂಳೆಗೆ ಬಂತು. ಹಿಂದೆ ಅಮ್ಮ "ಹಾ" ಎಂದಳು. ಅವಳ ತಲೆ ನನ್ನ ಬೆನ್ನಿಗೆ ಬಡಿದದ್ದು ಗೊತ್ತಾಯಿತು. ನನ್ನ ಸೊಂಟ ಹಿಡಿದಿದ್ದ ಒಂದು ಕೈ ಬಿಟ್ಟುಹೋಯಿತು.

ನಿಲ್ಲಿಸಿ ತಿರುಗಿ ನೋಡಿದೆ. ಆ ಕೈ ಕಟ್ಟಿನ ಮೇಲಿತ್ತು.

"ನೋವಾಯ್ತಾ?"

"ಇಲ್ಲ."

"ನಿಜ ಹೇಳು."

"ಇಲ್ಲ ಅಂದೆನಲ್ಲ. ನಡಿ."

ಅವಳು ಸುಳ್ಳು ಹೇಳುವಾಗ ದನಿ ಸಣ್ಣದಾಗುತ್ತಿತ್ತು, ಈಗಲೂ ಆಗಿತ್ತು.  ಅವಳನ್ನು ಮೆಲ್ಲ ಇಳಿಸಿ ಮೋರಿಯ ಕಟ್ಟೆಯ ಮೇಲೆ ಕೂರಿಸಿ ಸೀಟನ್ನು ಎರಡು ಕೈಯಲ್ಲಿ ಒತ್ತಿದೆ. ಕಗ್ಗಲ್ಲು. ಮೇಲೆ ಹತ್ತಿ ಕುಣಿದರೂ ಜಗ್ಗಲಿಲ್ಲ. ಬಗ್ಗಿ ನೋಡಿದರೆ ಶಾಕಿನ ಸೀಲಿನ ಅಂಚಿನಲ್ಲಿ ಬೆಳ್ಳಗೆ ಏನೋ ಅಂಟಿತ್ತು. ಉಗುರಿನಲ್ಲಿ ಕೆರೆದು ಮೂಸಿದೆ. ತೆಂಗಿನೆಣ್ಣೆ. ಬಚ್ಚಲಿನ ಕಟ್ಟೆಯ ಮೇಲಿನ ಎಣ್ಣೆ ಬಾಟ್ಲಿ ಡಿಸೆಂಬರಿನಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೇಗೆ ಹೆಪ್ಪುಗಟ್ಟಿರುತ್ತದೆ ಎಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಹಾಕಿದ ಮಾವನಿಗೂ ಹೊಳೆದಿರಲಿಲ್ಲ, ಓಡಿಸಿ ನೋಡಿದ ನನಗೂ ಹೊಳೆದಿರಲಿಲ್ಲ. ನಾನು ಓಡಿಸಿ ನೋಡಿದ್ದು ಮಧ್ಯಾಹ್ನದ ಬಿಸಿಲಿನಲ್ಲಿ.

ಅಲ್ಲೇ ನಿಂತು ಮಾವನಿಗೆ ಬಾಯಿಗೆ ಬಂದ ಹಾಗೆ ಬೈದೆ. ಯಜಮಾನಿಕೆ ಮಾಡಲು ಗದ್ದೆ ಸಾಲದೆ ಗಾಡಿಗೂ ಬಂದರು ಎಂದೆ, ಇನ್ನೂ ಏನೇನೋ ಎಂದೆ.

"ಅಣ್ಣನಿಗೆ ಬೈಬೇಡ" ಎಂದಳು ಅಮ್ಮ, ತಲೆ ಅಲುಗಿಸದೆ. "ಈಗ ಎಂತ ಮಾಡುವುದು ಹೇಳು."

ಏನು ಮಾಡುವುದು? ಬಿಸಿಲು ಬಂದರೆ ಎಣ್ಣೆ ಕರಗುತ್ತದೆ. ಬಿಸಿಲು ಬಂದರೆ ಅಮ್ಮನನ್ನು ಕರೆದುಕೊಂಡು ಹೋಗುವಂತಿಲ್ಲ. ಪೂರ್ವದಲ್ಲಿ ಆಗಲೇ ಕೆಂಪಾಗತೊಡಗಿತ್ತು. ತಿರುಗಿ ಆಸ್ಪತ್ರೆಗೆ ಹೋಗಬೇಕೆಂದರೂ ಅದೇ ಮೋರಿ ದಾಟಬೇಕು, ಅದೇ ಗಾಡಿಯಲ್ಲಿ.

ಸ್ವಲ್ಪ ಮುಂದೆ ಒಂದು ಹುಲ್ಲಿನ ಮಾಡಿನ ಹೋಟೆಲಿನಿಂದ ಹೊಗೆ ಏಳುತ್ತಿತ್ತು. ಅಮ್ಮನ ಕೈ ಹಿಡಿದು ಅಲ್ಲಿಯವರೆಗೆ ನಡೆಸಿ ಬೆಂಚಿನ ಮೇಲೆ ಕೂರಿಸಿದೆ, ಗಾಡಿ ತಳ್ಳಿಕೊಂಡು ಬಂದೆ.

"ಎರಡು ಚೊಂಬು ಕುದಿಯುವ ನೀರು ಬೇಕು" ಎಂದೆ ಹೋಟೆಲಿನವರಿಗೆ.

"ಚಾ ಕೊಡ್ತೇನೆ."

"ಚಾ ಬೇಡ, ನೀರು. ಗಾಡಿಗೆ."

ಅವರು ನನ್ನನ್ನೂ ಗಾಡಿಯನ್ನೂ ನೋಡಿದರು. "ಗಾಡಿಗೆ ಸ್ನಾನವಾ? ಅದೂ ಬಿಸಿನೀರು? ನಿಮಗೆ ಮಂಡೆ ಸಮ ಉಂಟಲ್ಲ ಮಾರಾಯ್ರೆ?"

ಆ ಹೊತ್ತಿಗೆ ನನಗೆ ತಮಾಷೆ ಮಾಡುವವರನ್ನು ಕಂಡರೆ ಹೊಡೆಯುವಷ್ಟು ಸಿಟ್ಟು. ಅಮ್ಮ ಬೆಂಚಿನಿಂದಲೇ ಮೆತ್ತಗೆ ಹೇಳಿದಳು, "ಕೊಡಿ ಅಣ್ಣಾ, ನನ್ನ ಕಣ್ಣಿಗೆ ಬೇಕಾಗಿ." ಬೈರಾಸಿನ ಕೆಳಗಿನ ಕಟ್ಟನ್ನು ಅವರು ಆಗ ಕಂಡರು. ಹಂಡೆಯಿಂದ ತಾವೇ ನೀರು ಮೊಗೆದು ತಂದರು, ಎರಡು ಗೋಣಿ ತುಂಡನ್ನೂ ತಂದರು. ಗೋಣಿಯನ್ನು ಶಾಕುಗಳಿಗೆ ಸುತ್ತಿ, ಮೇಲಿನಿಂದ ಮೆಲ್ಲ ಮೆಲ್ಲ ನೀರು ಬಿಟ್ಟೆವು. ನಾನು ಬಿಡುವುದು, ಅವರು ಸೀಟು ಒತ್ತುವುದು. ಮೊದಲಿಗೆ ಏನೂ ಇಲ್ಲ. ಇನ್ನೊಂದು ಚೊಂಬು. ಆಮೇಲೆ ಸೀಟು ಕೂದಲೆಳೆಯಷ್ಟು ಕೆಳಗೆ ಹೋದ ಹಾಗೆ ಅನಿಸಿತು. ಮತ್ತೆ ನೀರು, ಮತ್ತೆ ಒತ್ತು. ಒಳಗೆ ಏನೋ ಗುಳುಕ್ ಎಂದಿತು, ಸೀಟು ಇಳಿಯಿತು, ಏರಿತು. ಹೋಟೆಲಿನವರು ನನಗಿಂತ ಹೆಚ್ಚು ಖುಷಿಯಲ್ಲಿ ಒತ್ತುತ್ತಲೇ ಇದ್ದರು.

ಬಿಸಿಯಿದ್ದ ಗೋಣಿಯನ್ನು ಹಾಗೇ ಕಟ್ಟಿಕೊಂಡು ಹೊರಟೆವು. ವೇಣೂರಿನಲ್ಲಿ ಇನ್ನೊಮ್ಮೆ ನೀರು ಬಿಟ್ಟೆ, ಅಲ್ಲಿಂದ ಮುಂದೆ ಅದರ ಅಗತ್ಯ ಬೀಳಲಿಲ್ಲ. ಗಾಡಿ ಡಾಕ್ಟರು ಬಯಸಿದ ಹಾಗೆಯೇ ಓಡಿತು. ಆದರೆ ಬೆಳ್ತಂಗಡಿ ದಾಟುವಾಗ ಬಿಸಿಲು ಏರಿಯೇ ಬಿಟ್ಟಿತು. ಅಮ್ಮ ಸೆರಗನ್ನೂ ಬೈರಾಸಿನ ಮೇಲೆ ಎಳೆದುಕೊಂಡು ಮುಖವನ್ನು ನನ್ನ ಬೆನ್ನಿಗೆ ಒತ್ತಿ ಕೂತಿದ್ದಳು.  ನೋವುಂಟೋ ಎಂದು ಕೇಳಲು ನನಗೆ ಧೈರ್ಯ ಇರಲಿಲ್ಲ.

ಮನೆಯ ಅಂಗಳದಲ್ಲಿ ಮಾವ ಕಾಯುತ್ತಿದ್ದರು. "ಹೇಗಿತ್ತು ಶಾಕು?" ಎಂದು ಮೊದಲು ಕೇಳಿದ್ದೇ ಅದನ್ನು. ನಾನು ಬಾಯಿ ತೆರೆದೆ. ಅಮ್ಮ ನನ್ನ ಕೈಯನ್ನು ಚಿವುಟಿದಳು. "ಒಳ್ಳೇದಿತ್ತು ಅಣ್ಣ. ಗೊತ್ತೇ ಆಗಲಿಲ್ಲ" ಎಂದಳು. ಉಗುಳಲಾಗದ ಬಿಸಿತುಪ್ಪ ನನಗೆ.

ಆಮೇಲಿನ ದಿನಗಳಲ್ಲಿ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕಟ್ಟಿನ ಒಳಗೆ ಏನಾಗಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ಬಟ್ಟೆಯಲ್ಲಿ ಕೆಂಪು ಕಾಣುತ್ತದೋ ಎಂದು ಹತ್ತಿರ ಹೋಗಿ ಹೋಗಿ ನೋಡುತ್ತಿದ್ದೆ. ನಡುವೆ ಒಂದು ದಿನ ಅಮ್ಮ ತಾನಾಗಿಯೇ ಹೇಳಿದಳು, "ಆ ಮೋರಿಯಲ್ಲಿ ಸೂಜಿ ಹಾಕಿದ ಹಾಗೆ ಆಗಿತ್ತು. ಅಣ್ಣನಿಗೆ ಹೇಳಬೇಡ. ಹೋದ್ರೆ ಹೋಯ್ತು, ಅವರು ಪ್ರೀತಿಯಲ್ಲಿ ಮಾಡಿದ್ದು." ನಾನು ಎದ್ದು ಹೊರಗೆ ಹೋದೆ, ಗದ್ದೆಯ ಬದುವಿನಲ್ಲಿ ಕೂತು ಅತ್ತೆ.

ಕಟ್ಟು ಬಿಚ್ಚುವ ದಿನ ಬೆಳ್ತಂಗಡಿಯ ಡಾಕ್ಟರೊಬ್ಬರು ಮನೆಗೇ ಬಂದರು. ಕಿಟಕಿ ಮುಚ್ಚಿಸಿದರು. ಮಾವ ಕಂಬಕ್ಕೆ ಒರಗಿ ನಿಂತಿದ್ದರು, ನಾನು ಅಮ್ಮನ ಹಿಂದೆ ಕೂತಿದ್ದೆ. ಬಟ್ಟೆಯ ಸುತ್ತು ಒಂದೊಂದೇ ಬಿಚ್ಚಿ, ಹತ್ತಿ ತೆಗೆದು, ಡಾಕ್ಟರು ಟಾರ್ಚು ಬಿಟ್ಟು ಬಹಳ ಹೊತ್ತು ನೋಡಿದರು. "ರಕ್ತ ಇಲ್ಲ. ಹೊಲಿಗೆ ಕೂತಿದೆ" ಎಂದರು. ನನಗೆ ಎಲ್ಲಿದ್ದೇನೆ ಎಂದೇ ಮರೆತುಹೋಯಿತು. ಅವರು ಚೀಲದಿಂದ ದಪ್ಪ ಗಾಜಿನ ಒಂದು ಕನ್ನಡಕ ತೆಗೆದು ಅಮ್ಮನ ಕಿವಿಗೆ ಸಿಕ್ಕಿಸಿದರು, ಪರೀಕ್ಷೆಗೆ.

ಅಮ್ಮ ಮೊದಲು ತನ್ನ ಅಂಗೈ ನೋಡಿಕೊಂಡಳು. ಆಮೇಲೆ ತಲೆ ಎತ್ತಿದಳು. "ಅಣ್ಣ, ಹತ್ತಿರ ಬನ್ನಿ" ಎಂದಳು.

ಮಾವ ಬಂದು ಅವಳ ಎದುರು ಕೂತರು. "ಎಂತ ಕಾಣ್ತದೆ?" ಎಂದರು, ಎಂದಿನ ಗಡಸು ದನಿಯಲ್ಲಿ.

ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತು ನೋಡಿದಳೆಂದರೆ ಡಾಕ್ಟರೂ ತಿರುಗಿ ನೋಡಿದರು. "ನಿಮ್ಮ ಕಣ್ಣಲ್ಲೂ ಹೂ ಉಂಟಲ್ಲ ಅಣ್ಣ" ಎಂದಳು. "ಎರಡರಲ್ಲೂ ಉಂಟು. ಯಾವಾಗಿನಿಂದ?"

ಮನೆಯಲ್ಲಿ ಅಷ್ಟು ಜನ, ನಮ್ಮೆಲ್ಲರಿಗೂ ಕಣ್ಣು ಸರಿಯಿತ್ತು, ದಿನಾ ಅವರ ಮುಖ ನೋಡಿಯೇ ಇರುತ್ತಿದ್ದೆವು. ಅವರ ಗದರಿಕೆಗೆ ಹೆದರಿ ಕಣ್ಣಿಗೆ ಕಣ್ಣು ಕೊಟ್ಟು ನೋಡಿದವರು ಒಬ್ಬರೂ ಇರಲಿಲ್ಲ. ಆಪರೇಷನ್ ಬೇಡವೆಂದು ಅವರು ಕೂಗಾಡಿದ್ದು ಅಮ್ಮನಿಗೋಸ್ಕರ ಎಂದೇ ನಾನು ತಿಳಿದಿದ್ದೆ.

ಮಾವ ಹೆಗಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಮತ್ತೆ ನಾವ್ಯಾರೂ ಅಲ್ಲಿ ಇಲ್ಲದ ಹಾಗೆ, ನಾನು ಯಾವತ್ತೂ ಕೇಳದ ಸಣ್ಣ ದನಿಯಲ್ಲಿ ಅವಳನ್ನು ಕೇಳಿದರು, "ಕತ್ತಿ ಹಾಕುವಾಗ ನೋವಾಗ್ತದಾ ತಂಗಿ?"